ಶೂ ನಿಂತಿದೆ, ಕ್ಯಾರೆಟ್ ಮಲಗಿದೆ

ಐಂಡ್‌ಹೋವನ್, 17 ನವೆಂಬರ್ 2024, ಭಾನುವಾರ

ಮಕ್ಕಳಿಗೆ ಉಡುಗೊರೆ ತರುವ ಸಂತ ಸಿಂಟರ್‌ಕ್ಲಾಸ್ ನಿನ್ನೆ ಈ ದೇಶಕ್ಕೆ ಬಂದಿಳಿದಿದ್ದಾನೆ. ನವೆಂಬರ್ 11 ಕಳೆದ ಮೇಲಿನ ಮೊದಲ ಶನಿವಾರ ಅವನು ಸ್ಪೇನಿನಿಂದ ಹಬೆ ಹಡಗಿನಲ್ಲಿ ಬರುತ್ತಾನೆಂದು ನೆದರ್‌ಲ್ಯಾಂಡ್ಸ್‌ನ ಮಕ್ಕಳು ನಂಬಿದ್ದಾರೆ. ಅಲ್ಲಿಂದ ಡಿಸೆಂಬರ್ 5ರ ಹಬ್ಬದವರೆಗೆ ಕೆಲವು ರಾತ್ರಿ ಮಲಗುವ ಮುನ್ನ ತಮ್ಮದೊಂದು ಶೂ ಇಟ್ಟು, ಅದರೊಳಗೆ ಅವನ ಕುದುರೆಗೆಂದು ಕ್ಯಾರೆಟ್ ಇಡುತ್ತಾರೆ. ಐದು ವರ್ಷದ ಮಗಳಿಗೆ ನಾನು ಡಚ್ಚಿನಲ್ಲಿಯೇ, ಶೂ ತಂದು ಇಲ್ಲಿಡು ಎಂದು ಹೇಳಿದೆ. 'ಇಡು' ಎನ್ನಲು ನಾನು ಬಳಸಿದ ಕ್ರಿಯಾಪದ 'ಲೆಖ್ಖನ್'. ಅವಳು ಬಾಗಿಲ ಬಳಿ ಶೂ ಇಟ್ಟು, ತಿರುಗಿ ನೋಡಿ, "ಅಮ್ಮ, ಲೆಖ್ಖನ್ ಅಲ್ಲ, ಝೆಟ್ಟನ್. ಶೂ ಮಲ್ಕೊಳಲ್ಲ, ನಿಂತ್ಕೊಳತ್ತೆ" ಎಂದಳು. ಶಾಲೆಯಲ್ಲಿ ವಾರವಿಡೀ ಕೇಳಿದ ನುಡಿಗಟ್ಟು ಅದು. ಆದರೂ ಈ ಭಾಷೆಯಲ್ಲಿ ನನಗೆ ಬಹುಕಾಲದಿಂದ ತೊಡಕಾಗಿರುವ ವಿಷಯವನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿದ್ದಳು.

ತೊಡಕಿನ ಮೂಲ ಇಂಗ್ಲಿಷಿನ 'ಪುಟ್' ಎಂಬ ಕ್ರಿಯಾಪದದಲ್ಲಿದೆ. ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಡಚ್ ಭಾಷೆಯನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ನಾನೂ ಹಾಗೆಯೇ ಕಲಿತೆ. ಇಂಗ್ಲಿಷಿನವನು ಬಾಟಲಿಯನ್ನು ಮೇಜಿನ ಮೇಲೆ, ಕೀಲಿಯನ್ನು ಜೇಬಿನಲ್ಲಿ, ಕೋಟನ್ನು ಗೂಟದ ಮೇಲೆ, ಉಪ್ಪನ್ನು ಸಾರಿನಲ್ಲಿ, ಪ್ರಶ್ನೆಯನ್ನು ಸಭೆಯ ಮುಂದೆ, ಎಲ್ಲವನ್ನೂ ಆ ಒಂದೇ ಪದದಿಂದ ಇಟ್ಟುಬಿಡುತ್ತಾನೆ. ಡಚ್ಚರಲ್ಲಿ ಅಂಥ ಒಂದು ಪದವಿಲ್ಲ. ಬಾಟಲಿ ನಿಲ್ಲುವುದಾದರೆ ಝೆಟ್ಟನ್, ಅದೇ ಬಾಟಲಿ ಅಡ್ಡವಾಗುವುದಾದರೆ ಲೆಖ್ಖನ್. ಕೋಟಿಗೆ ಹಂಗನ್, ಜೇಬಿಗೆ ಸೇರುವ ಕೀಲಿಗೆ ಸ್ಟೊಪ್ಪನ್, ಸಾರಿಗೆ ಬೀಳುವ ಉಪ್ಪಿಗೆ ಡೂನ್, ಪ್ರಶ್ನೆಗೆ ಸ್ಟೆಲ್ಲನ್. ವಸ್ತು ನನ್ನ ಕೈಬಿಟ್ಟ ಮೇಲೆ ಹೇಗೆ ಇರುತ್ತದೆ ಎಂಬುದನ್ನು ಮೊದಲೇ ಕಂಡುಕೊಳ್ಳದೆ ಇಲ್ಲಿ ಬಾಯಿ ತೆರೆಯುವಂತಿಲ್ಲ.

ನಿಲ್ಲುವುದು ಎಂದರೆ ನೆಟ್ಟಗೆ ಇರುವುದು ಎಂದು ನಾನು ಮೊದಲು ತಿಳಿದಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರ ಊಟದ ಮೇಜು ಸಿದ್ಧಪಡಿಸಲು ಸಹಾಯ ಮಾಡುತ್ತಿದ್ದಾಗ, ತಟ್ಟೆ ಚಪ್ಪಟೆಯಾದುದರಿಂದ ಅದು ಮಲಗಿದೆ ಎಂದುಕೊಂಡು ಲೆಖ್ಖನ್ ಎಂದೆ. ಅವರು ತಟ್ಟೆಯನ್ನು ಎತ್ತಿ ಅದರ ಅಡಿಯಲ್ಲಿರುವ ಉಬ್ಬಿದ ಬಳೆಯನ್ನು ಬೆರಳಿನಿಂದ ಸವರಿ ತೋರಿಸಿದರು: ತಟ್ಟೆಗೆ ಅಡಿಯಿದೆ, ಅದು ತನ್ನ ಅಡಿಯ ಮೇಲೆ ಊರಿದೆ, ಆದ್ದರಿಂದ ತಟ್ಟೆ ನಿಲ್ಲುತ್ತದೆ. ಚಾಕು, ಚಮಚಗಳಿಗೆ ಅಡಿಯಿಲ್ಲ, ಅವು ಮಲಗುತ್ತವೆ. ಚೆಂಡೂ ಮಲಗುತ್ತದೆ, ಏಕೆಂದರೆ ಅದರ ಯಾವ ಭಾಗವೂ ಕಾಲಲ್ಲ. ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತದೆ, ಮೇಜಿನ ಮೇಲೆ ಮಲಗುತ್ತದೆ. ಕಾಫಿಯೊಳಗಿನ ಸಕ್ಕರೆ ಮಾತ್ರ ಕೂತಿರುತ್ತದೆ. ಪತ್ರಿಕೆಯಲ್ಲಿ ಬಂದ ಸುದ್ದಿಯೂ ಬ್ಯಾಂಕಿನ ಖಾತೆಯಲ್ಲಿರುವ ಹಣವೂ ನಿಂತಿರುತ್ತವೆ. ಊರುಗಳು ಮಲಗಿರುತ್ತವೆ, ನಮ್ಮ ಐಂಡ್‌ಹೋವನ್ ಕೂಡ.

ಈ ಜೋಡಿಗಳು ಬಂದ ದಾರಿಯನ್ನು ತಿಳಿದ ದಿನ ನನಗೆ ನಿಜವಾದ ಸಂತೋಷವಾಯಿತು. ಝೆಟ್ಟನ್ ಎಂಬುದು ಕೂರುವುದೆಂಬ ಅರ್ಥದ 'ಝಿಟ್ಟನ್'ನಿಂದ ಹುಟ್ಟಿದ ಪ್ರೇರಣಾರ್ಥಕ, ಅಂದರೆ ಮೂಲದಲ್ಲಿ 'ಕೂರಿಸು'. ಲೆಖ್ಖನ್ ಎಂಬುದು 'ಲಿಖ್ಖನ್'ನ ಪ್ರೇರಣಾರ್ಥಕ, ಅಂದರೆ 'ಮಲಗಿಸು'. ನಾವು ಇಂದಿಗೂ 'ಇಸು' ಸೇರಿಸಿ ಎಲ್ಲರ ಕಣ್ಣೆದುರು ಮಾಡುವ ಕೆಲಸವನ್ನು ಆ ಭಾಷೆ ಬಹಳ ಹಿಂದೆಯೇ ಪದದ ಒಡಲೊಳಗೆ ಮುಗಿಸಿ, ಗುರುತನ್ನು ಅಳಿಸಿಬಿಟ್ಟಿದೆ. ಕೂರಿಸು ಎಂಬ ಮೂಲವಿದ್ದ ಪದ ಈಗ ನಿಲ್ಲುವ ವಸ್ತುಗಳಿಗೆ ಸಂದಿರುವುದರಿಂದ ಗುರುತು ಇನ್ನಷ್ಟು ಮಸುಕಾಗಿದೆ. ಇದು ಡಚ್ ಮಕ್ಕಳಿಗೂ ಸುಲಭವಲ್ಲ. ತಮಿಳು ಮತ್ತು ಡಚ್ ಮಾತನಾಡುವ ಪುಟ್ಟ ಮಕ್ಕಳು ಇಂಥ ಕ್ರಿಯಾಪದಗಳನ್ನು ಹೇಗೆ ಬಳಸುತ್ತಾರೆಂದು ಹೋಲಿಸಿ ನೋಡಿದ ಸಂಶೋಧಕರಿಗೆ, ಡಚ್ ಮಕ್ಕಳು ಲೆಖ್ಖನ್ ಪದವನ್ನು ಸಲ್ಲದ ಕಡೆಗೂ ಎಳೆದು ಬಳಸುವುದು ಕಂಡುಬಂದಿತು. ತಮಿಳು ಮಕ್ಕಳಾದರೋ 'ನಿಲ್ಲಿಸಿ ಇಡು', 'ಮಲಗಿಸಿ ಇಡು' ಎಂಬ ರೀತಿಯ ಜೋಡಿಪದಗಳನ್ನು ಅಪರೂಪವಾಗಿ ಕೇಳಿದ್ದರೂ ಸರಿಯಾಗಿ ಬಳಸುತ್ತಿದ್ದರು, ಏಕೆಂದರೆ ಅವುಗಳ ಅರ್ಥ ಪದದಲ್ಲಿಯೇ ಬಿಚ್ಚಿಕೊಂಡಿದೆ. ಅದನ್ನು ಓದಿದಾಗ, ನನ್ನ ಕೈಯಲ್ಲಿ ಕನ್ನಡವಿರುವಾಗ ಇಂಗ್ಲಿಷನ್ನು ಸುತ್ತಿಕೊಂಡು ಏಕೆ ಹೋದೆ ಎಂದು ಬಹಳ ಯೋಚಿಸಿದೆ. ಮಗಳಂತೂ ಸುತ್ತಲಿಲ್ಲ. ಅವಳು ಡಚ್ಚಿನಿಂದ ನೇರವಾಗಿ ಕನ್ನಡದ ನಿಲ್ಲು, ಮಲಗುಗಳಿಗೆ ಬಂದಳು.

ನೇರವಾದ ದಾರಿ ಇನ್ನೂ ಹಲವು ಕಡೆ ಇದೆ. ಇಂಗ್ಲಿಷಿನಲ್ಲಿ ಕಾಫಿಯನ್ನು 'ಮಾಡುತ್ತಾರೆ'. ಡಚ್ಚರು ಕಾಫಿಯನ್ನು ಝೆಟ್ಟನ್ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ "ಕಾಫಿಗೆ ಇಟ್ಟಿದ್ದೇನೆ" ಎನ್ನುವಂತೆಯೇ. ಇಂಗ್ಲಿಷಿನಲ್ಲಿ ಹೆಜ್ಜೆಯನ್ನು 'ತೆಗೆದುಕೊಳ್ಳುತ್ತಾರೆ'; ಡಚ್ಚಿನಲ್ಲಿ ಅದೂ ಝೆಟ್ಟನ್, ಕನ್ನಡದಲ್ಲಿ ಹೆಜ್ಜೆ ಇಡುವುದು. ಡಚ್ಚರ ಡೂನ್ ಹೆಚ್ಚುಕಡಿಮೆ ನಮ್ಮ 'ಹಾಕು'ವಿನ ನೆರೆಯಲ್ಲಿ ಓಡಾಡುತ್ತದೆ. ನಾವು ತಟ್ಟೆಯನ್ನು ಇಡುತ್ತೇವೆ, ತಟ್ಟೆಗೆ ಅನ್ನ ಹಾಕುತ್ತೇವೆ. ಇಡುವಾಗ ವಸ್ತುವಿನ ನೆಲೆಯ ಮೇಲೆ ಗಮನವಿರುತ್ತದೆ, ಹಾಕುವಾಗ ವಸ್ತು ಕೈ ಬಿಟ್ಟು ಇನ್ನೊಂದರೊಳಗೆ ಬೆರೆಯುತ್ತದೆ. ಹೋಲಿಕೆ ಎಲ್ಲ ಕಡೆ ನಿಲ್ಲುವುದಿಲ್ಲ. ರುಜುವನ್ನು ನಾವು ಹಾಕಿದರೆ ಅವರು ಝೆಟ್ಟನ್ ಎನ್ನುತ್ತಾರೆ. ಮೊಟ್ಟೆಯನ್ನು ನಮ್ಮ ಕೋಳಿ ಇಟ್ಟರೆ ಅವರ ಕೋಳಿ ಮಲಗಿಸುತ್ತದೆ.

ಮೈಮೇಲೆ ಧರಿಸುವ ವಿಷಯಕ್ಕೆ ಬಂದಾಗ ನನಗೆ ಸ್ವಲ್ಪ ನೋವೂ ಆಗುತ್ತದೆ. ಇಂಗ್ಲಿಷಿನಲ್ಲಿ ಟೋಪಿ, ಕನ್ನಡಕ, ಶೂ, ಶಾಲು ಎಲ್ಲಕ್ಕೂ ಒಂದೇ 'ಪುಟ್ ಆನ್'. ಡಚ್ಚಿನಲ್ಲಿ ಟೋಪಿ ಮತ್ತು ಕನ್ನಡಕ ಮೇಲೆ ನಿಲ್ಲುವುದರಿಂದ 'ಒಪ್‌ಝೆಟ್ಟನ್', ಕೊರಳನ್ನು ಸುತ್ತುವ ಶಾಲಿಗೆ 'ಒಮ್‌ಡೂನ್', ಶೂಗೆ 'ಆನ್‌ಡೂನ್'. ನಮ್ಮಲ್ಲಿ ಇದಕ್ಕಿಂತ ಸೊಗಸಾದ ವಿವರವಿತ್ತು: ಸೀರೆ ಉಡುವುದು, ಬಳೆ ತೊಡುವುದು, ಹೂ ಮುಡಿಯುವುದು, ಕಂಬಳಿ ಹೊದೆಯುವುದು, ಚಪ್ಪಲಿ ಮೆಟ್ಟುವುದು. ಈಗ ನಾನೇ ಮಗಳಿಗೆ ಬಳೆ ಹಾಕಿಕೋ, ಚಪ್ಪಲಿ ಹಾಕಿಕೋ, ಹೂ ಹಾಕಿಕೋ ಎನ್ನುತ್ತೇನೆ. ಪರದೇಶದ ಭಾಷೆಯ ಸೂಕ್ಷ್ಮವನ್ನು ಕಲಿಯಲು ವರ್ಷಗಟ್ಟಲೆ ಕೂತು ಅಭ್ಯಾಸ ಮಾಡಿದ ನಾನು, ಮನೆಯ ಮಾತಿನಲ್ಲಿದ್ದ ಸೂಕ್ಷ್ಮವನ್ನು ನನ್ನ ಬಾಯಿಂದಲೇ ಕಳೆಯುತ್ತಿದ್ದೇನೆ. ಇಂದಿನಿಂದ ಅವಳಿಗೆ ಹೂವನ್ನು ಮುಡಿಸುತ್ತೇನೆ, ಹಾಗೆಂದೇ ಹೇಳುತ್ತೇನೆ.

ವಿಚಿತ್ರವೆಂದರೆ, ಇಂಗ್ಲಿಷಿನ 'ಪುಟ್' ಪದದ ಮೂರು ಅಕ್ಷರಗಳು ಡಚ್ಚಿನಲ್ಲಿಯೂ ಇವೆ, ಆದರೆ ಅಲ್ಲಿ ಅದು ಕ್ರಿಯಾಪದವಲ್ಲ, ಬಾವಿ. ಕರು ಮುಳುಗಿ ಸತ್ತ ಮೇಲೆ ಬಾವಿ ಮುಚ್ಚಿದರು ಎಂಬುದು ಅವರ ಗಾದೆ. ನೆರೆಮನೆಯವರು ಅದನ್ನು ಹೇಳಿದಾಗ ನಾನು ನಮ್ಮ, ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಡಚ್ಚಿಗೆ ತರಲು ಹೊರಟೆ. ಬಾಗಿಲಿಗೆ ಅವರಲ್ಲಿಯೂ ಡೂನ್ ಸಲ್ಲುತ್ತದೆ, ಆದರೆ ಜೊತೆಗೆ 'ಮುಚ್ಚಿ' ಎಂಬ ಅರ್ಥದ 'ಡಿಖ್ಟ್' ಸೇರಿಸಬೇಕು. ಕೋಟೆಯನ್ನು ವಿವರಿಸುವಷ್ಟರಲ್ಲಿ ಚಹಾ ಆರಿತ್ತು.

ಈಗ ರಾತ್ರಿ ಹನ್ನೊಂದು. ಮಗಳು ಮಲಗಿದ್ದಾಳೆ. ಶೂ ಬಾಗಿಲ ಬಳಿ ನಿಂತಿದೆ, ಕ್ಯಾರೆಟ್ ಅದರೊಳಗೆ ಅಡ್ಡವಾಗಿದೆ. ಕ್ಯಾರೆಟ್ಟನ್ನು ತೆಗೆದು, ಒಂದು ಕಿತ್ತಳೆಯನ್ನೂ ಅವಳ ಹೆಸರಿನ ಮೊದಲ ಅಕ್ಷರದ ಚಾಕೊಲೇಟನ್ನೂ ಅಲ್ಲಿಡಬೇಕು. ಕಿತ್ತಳೆ ತುದಿಯವರೆಗೆ ಹೋಗುತ್ತದೆ, ಅದಕ್ಕೆ ಸ್ಟೊಪ್ಪನ್. ಚಾಕೊಲೇಟಿನ ಅಕ್ಷರ ಒಳಗೆ ಹಿಡಿಸುವುದಿಲ್ಲ. ಅದನ್ನು ಶೂವಿಗೆ ಒರಗಿಸಿ ನಿಲ್ಲಿಸಿಡುತ್ತೇನೆ, ಬೆಳಿಗ್ಗೆ ಬಾಗಿಲಿಗೆ ಬಂದ ಕೂಡಲೇ ಅವಳಿಗೆ ಕಾಣುವಂತೆ.