ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ64 ಮತ್ತು ಲಿನಕ್ಸ್: ಎಲ್ಲಿಗೆ ಬಂತು ಕೆಲಸ

ಯಂತ್ರ ಪೆಂಟಿಯಂ 3, ಬೋರ್ಡ್ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನದು. ಕಾರ್ಡ್ 512 ಕೆಬಿ ರ‍್ಯಾಮ್ ಇರುವ ಎಡಬ್ಲ್ಯುಇ64, ಐಎಸ್‌ಎ ಅನ್ನುವ ಹಳೆಯ ಸ್ಲಾಟ್‌ಗೆ ಕೂರುವ ಸೌಂಡ್ ಕಾರ್ಡ್. ಇದನ್ನು ಲಿನಕ್ಸ್‌ನಲ್ಲಿ ನುಡಿಸಬೇಕು. ಓಎಸ್ ಡೆಬಿಯನ್ 12, 32 ಬಿಟ್. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೇ (ಓಎಸ್‌ನ ತಿರುಳು) ಇಲ್ಲ, ಹಾಗಾಗಿ ಇಲ್ಲೇ ನಿಲ್ಲಬೇಕು. ಕೆಳಗಿನ ಪೋರ್ಟ್ (ಕಾರ್ಡ್ ಜೊತೆ ಮಾತಾಡುವ ವಿಳಾಸ) ನಂಬರ್‌ಗಳೆಲ್ಲ ಹೆಕ್ಸ್, ಅಂದರೆ 16ರ ಲೆಕ್ಕದವು.

ಶನಿವಾರ

ಬಯೋಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) 'ಪಿಎನ್‌ಪಿ ಓಎಸ್' ಅನ್ನೋದಕ್ಕೆ 'ಯೆಸ್' ಕೊಟ್ಟೆ. ಆಗ ಬೂಟ್‌ಗೆ ಬೇಡದ ಕಾರ್ಡ್‌ಗಳನ್ನು ಬಯೋಸ್ ಮುಟ್ಟುವುದಿಲ್ಲ, ಕರ್ನಲ್ಲೇ ನೋಡಿಕೊಳ್ಳುತ್ತದೆ. ಬೂಟ್ ಲಾಗ್‌ನಲ್ಲಿ ಕಾರ್ಡ್ ಸಿಕ್ಕಿತು ಅಂತ ಬಂತು.

ಈ ಹುಡುಕುವ ರೀತಿಯೇ ಮಜಾ. 1993ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಮಾಡಿದ 'ಪ್ಲಗ್ ಅಂಡ್ ಪ್ಲೇ' (ಪಿಎನ್‌ಪಿ) ನಿಯಮ ಇದು. ಕರ್ನಲ್ 279ನೇ ಪೋರ್ಟ್‌ಗೆ 32 ಬೈಟ್‌ಗಳ ಒಂದು ಕೀಲಿ ಬರೆಯುತ್ತದೆ. ಅದು ಪ್ರಿಂಟರ್ ಪೋರ್ಟ್‌ನ ಸ್ಟೇಟಸ್ ರಿಜಿಸ್ಟರ್. ಓದಲು ಮಾತ್ರ ಇರುವ ಜಾಗ, ಬರೆದರೆ ಪ್ರಿಂಟರ್‌ಗೆ ಏನೂ ಆಗಲ್ಲ. ಕೀಲಿ ಸರಿಯಿದ್ದರೆ ಕಾರ್ಡ್‌ಗಳು ಎಚ್ಚರಾಗಿ, ತಮ್ಮ 72 ಬಿಟ್‌ಗಳ ಗುರುತನ್ನು ಒಂದೊಂದೇ ಬಿಟ್ ಹೇಳುತ್ತಾ ಹೋಗುತ್ತವೆ. ತನ್ನ ಬಿಟ್ ಸೊನ್ನೆ ಇದ್ದಾಗ ಬಸ್‌ನಲ್ಲಿ (ಕಾರ್ಡ್‌ಗಳೆಲ್ಲ ಹಂಚಿಕೊಳ್ಳುವ ತಂತಿಗಳು) ಇನ್ನೊಂದು ಕಾರ್ಡ್‌ನ 'ಒಂದು' ಕಂಡರೆ ಸೊನ್ನೆಯ ಕಾರ್ಡ್ ಸುಮ್ಮನಾಗುತ್ತದೆ. ಕೊನೆಗೆ ಉಳಿದದ್ದಕ್ಕೆ ಒಂದು ನಂಬರ್ ಸಿಗುತ್ತದೆ. ಆಮೇಲೆ ಮಿಕ್ಕವುಗಳ ಸರದಿ. ಜಂಪರ್ (ಕೈಯಿಂದ ಸೆಟ್ ಮಾಡುವ ಪಿನ್) ಇಲ್ಲದ ಕಾರ್ಡ್‌ಗಳನ್ನು ಇಷ್ಟು ಚೆನ್ನಾಗಿ ಬೇರ್ಪಡಿಸಿದ್ದಾರೆ, ಆದರೂ 'ಪ್ಲಗ್ ಅಂಡ್ ಪ್ರೇ' ಅಂತ ಆಗ ಎಲ್ಲರೂ ಆಡಿಕೊಂಡರು!

ಭಾನುವಾರ

ಈ ಕಾರ್ಡ್‌ನ ಎಸ್‌ಬಿಎಡಬ್ಲ್ಯುಇ ಡ್ರೈವರ್ ಲೋಡ್ ಮಾಡಿದೆ, ಸದ್ದು ಬಂತು. ಆದರೆ ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಲೈನ್) 10ಕ್ಕೆ ಹೋಗಿ ಕೂತಿದೆ. ನನಗೆ 5 ಬೇಕು. ಇದೇ ಯಂತ್ರದಲ್ಲಿ ಫ್ರೀಡಾಸ್ (ಡಾಸ್‌ನಂಥ ಓಎಸ್) ಇದೆ, ಹಳೆಯ ಆಟಗಳಲ್ಲಿ ಕೆಲವು ಪೋರ್ಟ್ 220, ಇಂಟರಪ್ಟ್ 5, ಡಿಎಂಎ (ಮೆಮೊರಿಗೆ ನೇರ ದಾರಿ) 1 ಬಿಟ್ಟರೆ ಬೇರೆ ಒಪ್ಪಲ್ಲ. ನೋಡಿದರೆ 5ನ್ನು ಪಿಸಿಐ (ಐಎಸ್‌ಎ ನಂತರ ಬಂದ ಸ್ಲಾಟ್) ನೆಟ್‌ವರ್ಕ್ ಕಾರ್ಡ್ ಹಿಡಿದುಕೊಂಡಿತ್ತು. ಪಿಸಿಐ ಕಾರ್ಡ್‌ಗಳು ಒಂದೇ ಇಂಟರಪ್ಟ್ ಹಂಚಿಕೊಳ್ಳಬಲ್ಲವು. ಐಎಸ್‌ಎ ಕಾರ್ಡ್ ಜೊತೆ ಆ ಹೊಂದಾಣಿಕೆ ನಡೆಯಲ್ಲ. ಬಯೋಸ್‌ನಲ್ಲಿ 5ನ್ನು 'ಲೆಗಸಿ ಐಎಸ್‌ಎ'ಗೆ ಮೀಸಲಿಟ್ಟೆ. ನೆಟ್‌ವರ್ಕ್ ಕಾರ್ಡ್ 11ಕ್ಕೆ ಸರಿಯಿತು, ಸೌಂಡ್ 5ಕ್ಕೆ ಬಂತು.

ಭಾನುವಾರ ರಾತ್ರಿ

ಇನ್ನು ವೇವ್‌ಟೇಬಲ್, ಅಂದರೆ ವಾದ್ಯಗಳ ರೆಕಾರ್ಡ್ ಮಾಡಿದ ಸದ್ದಿನಿಂದ ಸಂಗೀತ ನುಡಿಸುವ ಭಾಗ. ಕಾರ್ಡ್ ಒಂದೇ ಆದರೂ ಕರ್ನಲ್‌ಗೆ ಆಡಿಯೋ, ಜಾಯ್‌ಸ್ಟಿಕ್, ವೇವ್‌ಟೇಬಲ್ ಬೇರೆ ಬೇರೆ ಸಾಧನಗಳು. ವೇವ್‌ಟೇಬಲ್‌ನ ಇಎಂಯು8000 ಚಿಪ್‌ಗೆ ಮೂರು ಪೋರ್ಟ್ ಬೇಕು: 620, ಎ20, ಇ20. ಕೆಲವು ಕಾರ್ಡ್‌ಗಳು ತಮ್ಮ ಪಟ್ಟಿಯಲ್ಲಿ ಕೇಳುವುದು 620 ಒಂದನ್ನೇ! ಈ ಕಾರ್ಡ್‌ಗಳನ್ನು ಹೊಂದಿಸುತ್ತಿದ್ದ ಹಳೆಯ ಐಎಸ್‌ಎಪಿಎನ್‌ಪಿ ಟೂಲ್ಸ್ ಕಾಲದಲ್ಲಿ ಮಿಕ್ಕ ಎರಡು ಸಾಲನ್ನು ಜನ ಕಾನ್ಫಿಗ್ ಫೈಲ್‌ಗೆ ಕೈಯಾರೆ ಸೇರಿಸುತ್ತಿದ್ದರು. ಈಗ ಕರ್ನಲ್‌ನ ಪಿಎನ್‌ಪಿ ಭಾಗದಲ್ಲಿ 'ಕ್ವರ್ಕ್ಸ್' ಅನ್ನುವ ಫೈಲ್ ಇದೆ. ಕೊಟ್ಟ ಪೋರ್ಟ್‌ಗೆ 400, 800 ಕೂಡಿಸಿ ಅದೇ ಸೇರಿಸುತ್ತದೆ. ನನ್ನ ಸಾಧನದ 'ಆಪ್ಷನ್ಸ್' ಫೈಲ್‌ನಲ್ಲಿ ಮೂರೂ ಇದ್ದವು.

ಸುಮ್ನೆ ಕುತೂಹಲಕ್ಕೆ ಕೈಯಾರೆ 640ಕ್ಕೆ ಬದಲಾಯಿಸಿ ನೋಡಿದೆ. ಡ್ರೈವರ್ ಹಿಡಿದಿರುವಾಗ, ಪೋರ್ಟ್ ಹೊಂದಿಸುವ 'ರಿಸೋರ್ಸಸ್' ಫೈಲ್‌ಗೆ ಏನು ಬರೆದರೂ ಕರ್ನಲ್ ಒಪ್ಪಲ್ಲ. ಮೊದಲು ಡ್ರೈವರ್ ತೆಗೆಯಬೇಕು. ಆಮೇಲೆ ಅದೇ ಫೈಲ್‌ಗೆ 'ಡಿಸೇಬಲ್', ಅದಾದ ಮೇಲೆ 'ಸೆಟ್' ಜೊತೆ 640, ಎ40, ಇ40 ಮೂರನ್ನೂ ಬರೆದು, ಕೊನೆಗೆ 'ಆಕ್ಟಿವೇಟ್'. ಹೀಗೆ ಕೈಯಿಂದ ಕೊಡುವಾಗ ಕ್ವರ್ಕ್ ನೆರವಿಗೆ ಬರಲ್ಲ, ಮೂರನ್ನೂ ನಾವೇ ಕೊಡಬೇಕು. ಕೆಲಸ ಆಯಿತು. 620ಕ್ಕೇ ವಾಪಸ್ ಹಾಕಿದೆ, 640ರಿಂದ ಜಾಸ್ತಿ ಲಾಭವೇನೂ ಇಲ್ಲ.

ಬಾಕಿ

ಮಿಡಿ (ಸ್ವರಗಳನ್ನು ಕಳಿಸುವ ಭಾಷೆ) ಸಾಧನಗಳ ಪಟ್ಟಿಯಲ್ಲಿ ಇಎಂಯು8000 ಕಾಣುತ್ತಿದೆ, ನುಡಿಸಿದರೆ ಸದ್ದಿಲ್ಲ. ಇದು ಕೆಟ್ಟಿದ್ದಲ್ಲ. ಚಿಪ್‌ನ 1 ಎಂಬಿ ರಾಮ್‌ನಲ್ಲಿ (ಓದಲು ಮಾತ್ರ ಇರುವ ಮೆಮೊರಿ) ವಾದ್ಯಗಳಿದ್ದರೂ, ಯಾವುದು ಎಲ್ಲಿದೆ ಅಂತ ಹೇಳುವ ಸೌಂಡ್‌ಫಾಂಟ್ ಫೈಲನ್ನು ನಾವೇ ಲೋಡ್ ಮಾಡಬೇಕು. ಅದಕ್ಕಾಗಿ ಡೆಬಿಯನ್‌ನ ಎಡಬ್ಲ್ಯುಇಎಸ್‌ಎಫ್‌ಎಕ್ಸ್ ಪ್ಯಾಕೇಜ್ ಹಾಕಿದ್ದೇನೆ. ಮೆಮೊರಿ ಹೆಚ್ಚಿಸಲು ಇದರ ಹಿಂದಿನ ಕಾರ್ಡ್ ಎಡಬ್ಲ್ಯುಇ32ಕ್ಕೆ ಮಾಮೂಲಿ 30 ಪಿನ್ ಸಿಮ್ (ಮೆಮೊರಿ ಪಟ್ಟಿ) ಹಾಕಬಹುದಿತ್ತು, ಇದಕ್ಕೆ ಬೇರೆಯದೇ ಕನೆಕ್ಟರ್. ಆದ್ದರಿಂದ ಮುಂದಿನ ವಾರ 512 ಕೆಬಿ ಒಳಗೆ ಹಿಡಿಸುವಂಥ ತಬಲಾ ಸೌಂಡ್‌ಫಾಂಟ್ ಒಂದನ್ನು ಕತ್ತರಿಸಿ ಮಾಡಿ ನೋಡುತ್ತೇನೆ.