ಟಣ್ ಅಂದ ಆ ಸದ್ದು
ಪೀಣ್ಯದಲ್ಲಿ ಲೋಹದ ತಗಡು ಒತ್ತಿ ಆಕಾರ ಕೊಡುವ ನಮ್ಮ ಪ್ರೆಸ್ ಶಾಪ್‌ನಲ್ಲಿ ಡೈ (ಒತ್ತುವ ಅಚ್ಚು) ಬದಲಾಯಿಸುವಾಗ ಕಬ್ಬಿಣದ ಬ್ಲಾಕ್ ಒಂದು ಜಾರಿ ನನ್ನ ಬಲಗಾಲ ಮೇಲೆ ಬಿತ್ತು. ಏನಿಲ್ಲವೆಂದರೂ 12 ಕೆಜಿ. ಟಣ್ ಅಂತ ಸದ್ದು. ಸೇಫ್ಟಿ ಶೂ ಮೂತಿಯ ಚರ್ಮ ಹರಿದು ಒಳಗಿನ ಉಕ್ಕು ಬೆಳ್ಳಗೆ ಕಂಡಿತು. ಉಸಿರು ಬಿಗಿಹಿಡಿದು ಬೆರಳು ಆಡಿಸಿದೆ, ಐದೂ ಆಡಿದವು.

ಭಾರತೀಯ ಮಾನಕ ಐಎಸ್ 15298 (ಭಾಗ 2) ಗುರುತಿನ ಸೇಫ್ಟಿ ಶೂ ಮೂತಿ 200 ಜೂಲ್ ಪೆಟ್ಟು ತಡೆಯಬೇಕು, ಅಂದರೆ 20 ಕೆಜಿ ತೂಕ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು. ಆದರೆ ಆ ಉಕ್ಕು ಕಾಯುವುದು ಬೆರಳುಗಳನ್ನಷ್ಟೇ, ಪಾದದ ಮೇಲ್ಭಾಗವನ್ನಲ್ಲ. ಒಮ್ಮೆ ಪೆಟ್ಟು ತಿಂದ ಶೂ ಮತ್ತೆ ನಂಬುವಂತಿಲ್ಲ, ಅವತ್ತೇ ಬದಲಾಯಿಸಿದೆ.

ಹೊಸ ಕಾಂಟ್ರ್ಯಾಕ್ಟ್ ಹುಡುಗರು ಹವಾಯಿ ಚಪ್ಪಲಿಯಲ್ಲೇ ಬರುತ್ತಾರೆ, ಶೂ ಕೇಳಲು ಹೆದರುತ್ತಾರೆ. ನೋಡಿದರೆ ಕರುಳು ಚುರ್ರೆನ್ನುತ್ತದೆ. ಕೈ ಹಿಡಿದು ಸ್ಟೋರ್‌ಗೆ ಕರೆದೊಯ್ದು, ಸೈಜ್ ನೋಡಿ, ಲೇಸ್ ಕಟ್ಟಿಸಿಯೇ ಮಷೀನ್ ಹತ್ತಿರ ಬಿಡುತ್ತೇನೆ.