ಪಾರ್ಕಿಂಗ್ ಕಂಪನಿಯಿಂದ ನೂರು ಪೌಂಡಿನ ಕಾಗದ ಬಂದರೆ

ಇಂಗ್ಲೆಂಡಿನಲ್ಲಿ ಸೂಪರ್ ಮಾರ್ಕೆಟ್ ಮುಂದಿನ ಪಾರ್ಕಿಂಗ್ ಜಾಗಗಳಲ್ಲಿ ಚೀಟಿ ಹರಿದು ಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟೋ ಕಡೆ ಗೇಟೂ ಇರುವುದಿಲ್ಲ. ಒಳಗೆ ಹೋಗುವ ದಾರಿಯಲ್ಲಿ ಕಂಬದ ಮೇಲೆ ಒಂದು ಕ್ಯಾಮೆರಾ, ಪಕ್ಕದಲ್ಲಿ ಒಂದು ಬೋರ್ಡು, ಅಷ್ಟೇ. ಎರಡು ಗಂಟೆ ಫ್ರೀ ಎಂದೋ ಮೂರು ಗಂಟೆ ಫ್ರೀ ಎಂದೋ ಬರೆದಿರುತ್ತಾರೆ. ಕಾರು ಒಳಗೆ ಬರುವಾಗ ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತದೆ, ಹೊರಗೆ ಹೋಗುವಾಗ ಇನ್ನೊಂದು. ನಡುವಿನ ಹೊತ್ತು ಮಿತಿ ದಾಟಿದರೆ ಸ್ವಲ್ಪ ದಿನಕ್ಕೆ ಮನೆಗೆ ಕಾಗದ ಬರುತ್ತದೆ. ಕಳಿಸುವುದು ಅಂಗಡಿಯವರಲ್ಲ, ಪೊಲೀಸರಲ್ಲ, ಊರಿನ ಕೌನ್ಸಿಲ್ ಕೂಡ ಅಲ್ಲ. ಆ ಜಾಗ ನೋಡಿಕೊಳ್ಳಲು ಮಾಲೀಕರು ಗೊತ್ತುಮಾಡಿದ ಖಾಸಗಿ ಕಂಪನಿ.

ರೆಡಿಂಗ್‌ನಲ್ಲಿರುವ ನಮ್ಮ ಮನೆಗೂ ಅಂಥದ್ದೊಂದು ಕಾಗದ ಬಂತು. ಕಾರು ನಮ್ಮ ಮನೆಯವರ ಹೆಸರಿನಲ್ಲಿದೆ, ಹಾಗಾಗಿ ಅವರ ಹೆಸರಿಗೆ. ಕಾರು ಏಳು ಗಂಟೆಗೂ ಜಾಸ್ತಿ ಹೊತ್ತು ನಿಂತಿತ್ತು, 100 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 60 ಸಾಕು ಎಂದಿತ್ತು. ಅವತ್ತು ಕಾರು ಓಡಿಸಿದ್ದು ನಾನು. ಬೆಳಿಗ್ಗೆ ಹೋಗಿ ತರಕಾರಿ ತಗೊಂಡು ಅರ್ಧ ಗಂಟೆಯಲ್ಲಿ ಹೊರಟಿದ್ದೆ. ಸಂಜೆ ಮಗಳ ಈಜು ಕ್ಲಾಸ್ ಮುಗಿದ ಮೇಲೆ ಅದೇ ಜಾಗದಲ್ಲಿರುವ ಔಷಧಿ ಅಂಗಡಿಗೆ ಮತ್ತೆ ಹೋಗಿದ್ದೆ. ಕಾಗದದಲ್ಲಿದ್ದ ಫೋಟೊ ಎರಡೇ. ಬೆಳಿಗ್ಗೆ ಒಳಗೆ ಬಂದದ್ದು, ಸಂಜೆ ಹೊರಗೆ ಹೋದದ್ದು. ನಡುವೆ ನಾನು ಹೊರಗೆ ಹೋಗಿ ಮತ್ತೆ ಬಂದದ್ದು ಕಂಪನಿಯ ಲೆಕ್ಕದಲ್ಲೇ ಇರಲಿಲ್ಲ.

ಈ ತಪ್ಪು ಇಲ್ಲಿ ಹೊಸದಲ್ಲ. 'ಡಬಲ್ ಡಿಪ್' ಎಂದು ಹೆಸರೇ ಇದೆ. ಹಿಂದೆ ಒಂದು ವ್ಯಾನ್ ಅಂಟಿಕೊಂಡು ಬಂದರೆ, ಪ್ಲೇಟಿನ ಮೇಲೆ ಕೆಸರು ಹಾರಿದ್ದರೆ ಕ್ಯಾಮೆರಾ ನಂಬರ್ ಓದುವುದಿಲ್ಲ. ಆಮೇಲೆ ಕಂಪ್ಯೂಟರ್ ಸಿಕ್ಕಿದ ಎರಡು ಫೋಟೊಗಳನ್ನು ಗಂಟು ಹಾಕುತ್ತದೆ. ನೋಟಿಸ್ ಕಳಿಸುವ ಮೊದಲು ಫೋಟೊಗಳನ್ನು ಮನುಷ್ಯರೇ ನೋಡಿ ಖಾತರಿ ಮಾಡಿಕೊಳ್ಳಬೇಕು ಎಂದು ಈ ಕಂಪನಿಗಳ ಸಂಘದ ನಿಯಮಾವಳಿಯಲ್ಲೇ ಇದೆ. ನಮ್ಮ ವಿಷಯದಲ್ಲಿ ಯಾರಾದರೂ ನೋಡಿದ್ದರೆ ಆ ಕಾಗದ ಬರುತ್ತಲೇ ಇರಲಿಲ್ಲ. ಈ ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಸ್ನೇಹಿತರನ್ನು ಕೇಳಿದೆವು. ಅರ್ಧ ಜನ "60 ಪೌಂಡ್ ಕಟ್ಟಿ ಕೈ ತೊಳೆದುಕೊಳ್ಳಿ, ವೀಸಾ ಮೇಲಿರುವವರಿಗೆ ಯಾಕೆ ಬೇಕು ರಗಳೆ" ಅಂದರು. ಇನ್ನರ್ಧ ಜನ "ಹರಿದು ಬಿಸಾಕಿ, ಖಾಸಗಿ ಕಂಪನಿ ಏನೂ ಮಾಡೋಕಾಗಲ್ಲ" ಅಂದರು. ಎರಡೂ ಗುಂಪಿನವರು ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಎರಡೂ ಸರಿಯಲ್ಲ. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಹುಡುಗರು ಹುಡುಗಿಯರು ಈ ಎರಡರಲ್ಲಿ ಒಂದನ್ನು ಕೇಳಿಯೇ ಕೇಳುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೆದರುವವರ ಮಾತು. ಖಾಸಗಿ ಕಂಪನಿಯ ಕಾಗದ ದಂಡ ಅಲ್ಲ, ಅಪರಾಧವೂ ಅಲ್ಲ. ಬೋರ್ಡಿನಲ್ಲಿ ಬರೆದ ಷರತ್ತಿಗೆ ಒಪ್ಪಿ ಕಾರು ನಿಲ್ಲಿಸಿದಿರಿ, ಷರತ್ತು ಮುರಿದಿರಿ, ಅದಕ್ಕೆ ಹಣ ಕೊಡಿ ಎನ್ನುವ ಕರಾರಿನ ಬೇಡಿಕೆ. ಕೌನ್ಸಿಲ್ ಕಳಿಸುವ ಚೀಟಿಗೂ ಇದಕ್ಕೂ ಚುಟುಕು ಹೆಸರು ಒಂದೇ, ಪಿಸಿಎನ್. ಕೌನ್ಸಿಲಿನದು ಪೆನಾಲ್ಟಿ ಚಾರ್ಜ್ ನೋಟಿಸ್, ಇವರದು ಪಾರ್ಕಿಂಗ್ ಚಾರ್ಜ್ ನೋಟಿಸ್. ಬಣ್ಣ, ಅಕ್ಷರ, ಬೆದರಿಕೆಯ ಧಾಟಿ ಎಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಹಾಗಾಗಿ ಕಾಗದ ಬಂದ ಕೂಡಲೇ ಕಳಿಸಿದವರು ಯಾರು ಎಂದು ನೋಡಬೇಕು. ಕೌನ್ಸಿಲ್ ಹೆಸರಿದ್ದರೆ ದಾರಿಯೇ ಬೇರೆ.

ಇನ್ನು ಹರಿದು ಬಿಸಾಕುವವರ ಮಾತು. ಒಂದು ಕಾಲಕ್ಕೆ ಅದು ತಕ್ಕಮಟ್ಟಿಗೆ ನಡೆಯುತ್ತಿತ್ತು. ಕಾರು ಓಡಿಸಿದವರು ಯಾರು ಎಂದು ಕಂಪನಿಗೆ ಗೊತ್ತಾಗದಿದ್ದರೆ ಹಣ ಕೇಳುವುದು ಕಷ್ಟವಿತ್ತು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಬಂದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಬದಲಾಯಿತು. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ಆ ಕಾಯ್ದೆ ನಿಲ್ಲಿಸಿತು. ಅದರ ಬದಲಿಗೆ, ಓಡಿಸಿದವರು ಯಾರೆಂದು ತಿಳಿಯದಿದ್ದರೆ ಕಾರಿನ ನೋಂದಾಯಿತ ಕೀಪರ್, ಅಂದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಕೈಯಿಂದಲೇ ಹಣ ಕೇಳುವ ಹಕ್ಕು ಕೊಟ್ಟಿತು. ಡಿವಿಎಲ್‌ಎ ಎಂದರೆ ಇಲ್ಲಿನ ವಾಹನ ನೋಂದಣಿ ಇಲಾಖೆ. ಅಲ್ಲಿಂದ ಒಂದು ವಿಳಾಸಕ್ಕೆ 2.50 ಪೌಂಡ್ ಕೊಟ್ಟು ಕಂಪನಿಗಳು ಮಾಹಿತಿ ತರಿಸಿಕೊಳ್ಳುತ್ತವೆ.

ಆಮೇಲೆ 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಚೆಮ್ಸ್‌ಫರ್ಡ್‌ನ ಒಂದು ಶಾಪಿಂಗ್ ಜಾಗದಲ್ಲಿ ಎರಡು ಗಂಟೆಯ ಮಿತಿ ದಾಟಿ ಸುಮಾರು ಒಂದು ಗಂಟೆ ಜಾಸ್ತಿ ನಿಂತವರಿಗೆ 85 ಪೌಂಡ್ ಹಾಕಿದ್ದರು. ಜನ ಬೇಗ ಬೇಗ ಜಾಗ ಬಿಟ್ಟುಕೊಡಲಿ ಎನ್ನುವ ಉದ್ದೇಶ ನ್ಯಾಯವಾದದ್ದೇ, ಬೋರ್ಡೂ ಸ್ಪಷ್ಟವಾಗಿದೆ, ಆದ್ದರಿಂದ ಅಷ್ಟು ಹಣ ಕೇಳುವುದು ತಪ್ಪಲ್ಲ ಎಂದು ಕೋರ್ಟ್ ಹೇಳಿತು. ಅಲ್ಲಿಂದ ಈಚೆಗೆ ಸುಮ್ನೆ ಕೂರುವುದು ಒಳ್ಳೆಯದಲ್ಲ. ನಿಜವಾಗಿ ಹೊತ್ತು ಮೀರಿದ್ದರೆ, ಬೋರ್ಡು ಎದ್ದು ಕಾಣುವಂತಿದ್ದರೆ, ರಿಯಾಯಿತಿಯ ದಿನದೊಳಗೆ ಕಟ್ಟುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಆದರೆ ಅದೇ ಕಾಯ್ದೆ ಕಂಪನಿಗೂ ಕಟ್ಟು ಹಾಕಿದೆ. ಕಾರಿನ ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನಂಬಿ ಕಳಿಸುವ ಕಾಗದ, ಕಾರು ನಿಲ್ಲಿಸಿದ ಮರುದಿನದಿಂದ 14 ದಿನದೊಳಗೆ ಕೀಪರ್ ಕೈ ಸೇರಬೇಕು. ತಡವಾದರೆ ಆ ಕಾಯ್ದೆಯ ಹೆಸರು ಹೇಳಿ ಕೀಪರ್ ಹತ್ತಿರ ಹಣ ಕೇಳುವ ಹಾಗಿಲ್ಲ, ಓಡಿಸಿದವರನ್ನು ಮಾತ್ರ ಕೇಳಬೇಕು. ಓಡಿಸಿದ್ದು ಯಾರು ಎಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಾನೂನೂ ಇಲ್ಲ. ಪೊಲೀಸರು ಕೇಳಿದರೆ ಮಾತ್ರ ಬೇರೆ, ಅಲ್ಲಿ ಹೇಳಲೇಬೇಕು. ಹಾಗಾಗಿ ಉತ್ತರ ಬರೆಯುವಾಗ "ನಾನು ನಿಲ್ಲಿಸಿದೆ" ಎಂದು ಬರೆಯದೆ "ಕಾರು ನಿಂತಿತ್ತು" ಎಂದು ಬರೆಯಬಹುದು. ಅದು ಸುಳ್ಳೇನೂ ಅಲ್ಲ, ಅಲ್ವಾ?

ನಾವು ಮೊದಲು ಮಾಡಿದ್ದು ಅಂದಿನ ಲೆಕ್ಕ ಕೂಡಿಸುವುದು. ತರಕಾರಿ ರಸೀದಿಯಲ್ಲಿ ಬೆಳಗಿನ ಹೊತ್ತು ಇತ್ತು, ಆದರೆ ಅದರಿಂದ ನಾನು ಹೊರಟದ್ದು ಸಾಬೀತಾಗುವುದಿಲ್ಲ. ಮಧ್ಯಾಹ್ನ ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಕಾರ್ಡ್‌ನಿಂದ ಹಣ ಕೊಟ್ಟಿದ್ದೆ. ಹೊತ್ತು ಬರೆದಿರುವ ಆ ರಸೀದಿ ಸಿಕ್ಕಿತು. ಕಾರು ಬಂಕಿನಲ್ಲಿದ್ದರೆ ಸೂಪರ್ ಮಾರ್ಕೆಟ್ ಮುಂದೆ ಇರಲು ಸಾಧ್ಯವೇ ಇಲ್ಲ. ಅದನ್ನೂ ಫೋನಿನ ಮ್ಯಾಪಿನಲ್ಲಿ ಉಳಿದಿದ್ದ ದಿನದ ಓಡಾಟದ ಚಿತ್ರವನ್ನೂ ಸೇರಿಸಿ ಮೇಲ್ಮನವಿ ಕಳಿಸಿದೆವು. ಜೊತೆಗೆ ಇನ್ನೊಂದು ಪತ್ರ. ಆ ದಿನ ನಮ್ಮ ಕಾರಿನ ನಂಬರಿಗೆ ಸಂಬಂಧಪಟ್ಟ ಎಲ್ಲ ಫೋಟೊಗಳನ್ನೂ ಕೊಡಿ ಎಂದು ಕೇಳಿದೆವು. ಇಲ್ಲಿನ ಡೇಟಾ ರಕ್ಷಣೆಯ ಕಾನೂನಿನ ಪ್ರಕಾರ ಹಾಗೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಕೇಳಲು ದುಡ್ಡು ಕೊಡಬೇಕಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು.

ಅಂಗಡಿಯ ಮ್ಯಾನೇಜರನ್ನೂ ನೋಡಿದೆ. ಎಷ್ಟೋ ಸಲ ಅಂಗಡಿಯವರು ಒಂದು ಮಾತು ಹೇಳಿದರೆ ಕಂಪನಿ ನೋಟಿಸ್ ರದ್ದು ಮಾಡುತ್ತದೆ. ನಮಗೆ ಆ ಅದೃಷ್ಟ ಇರಲಿಲ್ಲ. ಜಾಗ ಅವರದಲ್ಲ, ಅವರೂ ಬಾಡಿಗೆಗೆ ಇರುವವರು. ಆಕೆ ಪಾಪ ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದರು.

ಕಂಪನಿ ನಮ್ಮ ಮೇಲ್ಮನವಿ ತಿರಸ್ಕರಿಸಿತು. ಬಂಕಿನ ರಸೀದಿಯ ಬಗ್ಗೆ ಒಂದು ಮಾತೂ ಇರಲಿಲ್ಲ, ಎಲ್ಲರಿಗೂ ಕಳಿಸುವ ಅಚ್ಚು ಪತ್ರ. ಈಗ ಕಟ್ಟಿದರೆ 60ಕ್ಕೇ ಬಿಡುತ್ತೇವೆ, ಮುಂದೆ ಹೋಗಿ ಸೋತರೆ 100 ಕಟ್ಟಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಜನ ಸೋಲುವುದು ಇಲ್ಲೇ. ತಪ್ಪು ಮಾಡದವರೂ 40 ಪೌಂಡ್ ಉಳಿಸುವ ಯೋಚನೆಯಲ್ಲಿ ಕಟ್ಟಿಬಿಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಮನೆ, ಮಕ್ಕಳು, ಕೆಲಸದ ನಡುವೆ ಇಂಥ ಪತ್ರಗಳಿಗೆ ಕೂರಲು ಹೊತ್ತು ಎಲ್ಲಿ ಸಿಗುತ್ತದೆ?

ಆದರೆ ಮುಂದಿನ ಮೆಟ್ಟಿಲಿಗೆ ದುಡ್ಡು ಬೇಕಿಲ್ಲ. ಈ ಕಂಪನಿಗಳು ಎರಡು ಸಂಘಗಳಲ್ಲಿ ಒಂದಕ್ಕೆ ಸೇರಿರುತ್ತವೆ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್‌ನ ಸದಸ್ಯರಾದರೆ ಮೇಲ್ಮನವಿ ಪೋಪ್ಲಾ ಎಂಬ ವಿಚಾರಣಾ ಸಂಸ್ಥೆಗೆ ಹೋಗುತ್ತದೆ. ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯೂನಿಟಿಯವರಾದರೆ ಐಎಎಸ್ ಎಂಬ ಅಂಥದ್ದೇ ಇನ್ನೊಂದು ಸಂಸ್ಥೆಗೆ. ನಮ್ಮದು ಪೋಪ್ಲಾಕ್ಕೆ ಹೋಯಿತು. ತಿರಸ್ಕಾರದ ಪತ್ರದಲ್ಲಿರುವ ಕೋಡ್ ಹಾಕಿ 28 ದಿನದೊಳಗೆ ಕೊಡಬೇಕು. ಅಲ್ಲಿನ ತೀರ್ಮಾನ ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ನಮಗೆ ಒಪ್ಪಿಗೆಯಾಗದಿದ್ದರೆ ಕೋರ್ಟಿನಲ್ಲಿ ವಾದ ಮಾಡುವ ಹಕ್ಕು ಉಳಿದೇ ಇರುತ್ತದೆ.

ಅಷ್ಟರಲ್ಲಿ ಕೇಳಿದ ಫೋಟೊಗಳೂ ಬಂದವು. ಬೆಳಿಗ್ಗೆ ನಮ್ಮ ಕಾರು ಹೊರಗೆ ಹೋಗುವ ಫೋಟೊ ಅದರಲ್ಲೇ ಇತ್ತು! ನಂಬರಿನ ಒಂದು ಅಕ್ಷರವನ್ನು ಕ್ಯಾಮೆರಾ ತಪ್ಪಾಗಿ ಓದಿ ಅದನ್ನು ಬೇರೆ ಕಾರು ಅಂದುಕೊಂಡಿತ್ತು. ಅದನ್ನೂ ಪೋಪ್ಲಾಕ್ಕೆ ಹಾಕಿದೆವು. ಕಂಪನಿ ವಾದವನ್ನೇ ಮಾಡದೆ ನೋಟಿಸ್ ಹಿಂದಕ್ಕೆ ತಗೊಂಡಿತು. ಕ್ಷಮೆಯ ಮಾತು ಒಂದೂ ಬರಲಿಲ್ಲ.

ಊರಿಂದ ಬಂದು ಬಾಡಿಗೆ ಕಾರು ತಗೊಳ್ಳುವವರಿಗೆ ಒಂದು ಮಾತು. ಪಾರ್ಕಿಂಗ್ ಕಾಗದ ಮೊದಲು ಹೋಗುವುದು ಬಾಡಿಗೆ ಕಂಪನಿಗೆ. ನಿಮ್ಮ ವಿವರವನ್ನು ಮುಂದಕ್ಕೆ ದಾಟಿಸಿದ್ದಕ್ಕೆ ಅವರು ತಮ್ಮ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ತೆಗೆದುಕೊಳ್ಳುವುದುಂಟು. ಹೀಥ್ರೋ ಟರ್ಮಿನಲ್ ಮುಂದೆ ಜನರನ್ನು ಇಳಿಸಿ ಹೋಗುವುದಕ್ಕೂ 2021ರಿಂದ ಶುಲ್ಕ ಇದೆ. ಅಲ್ಲೂ ಗೇಟಿಲ್ಲ, ಹಣ ತಗೊಳ್ಳುವವರಿಲ್ಲ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲೋ ಫೋನಿನಲ್ಲೋ ಕಟ್ಟಬೇಕು.

ಹಣ ಕಟ್ಟದೆ ಬಿಟ್ಟವರಿಗೆ ಆಮೇಲೆ ವಸೂಲಿ ಏಜೆನ್ಸಿಗಳಿಂದ ಕಾಗದಗಳು ಬರುತ್ತವೆ. 100 ಎಂಬುದು 170 ಆಗಿರುತ್ತದೆ. ಇವರು ಮನೆಯ ಸಾಮಾನು ಎತ್ತಿಕೊಂಡು ಹೋಗುವವರಲ್ಲ. ಆ ಅಧಿಕಾರ ಬರುವುದು ಕೋರ್ಟ್ ತೀರ್ಪಾದ ಮೇಲೆ ಮಾತ್ರ. ಆದರೆ ಕೌಂಟಿ ಕೋರ್ಟ್‌ನ ಕಾಗದ ಬಂದರೆ ಅವತ್ತೇ ತೆರೆದು ಓದಬೇಕು. ಉತ್ತರ ಕೊಡದಿದ್ದರೆ ನಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲ ಸಿಗುವುದು ಕಷ್ಟ, ಬಾಡಿಗೆ ಮನೆ ಸಿಗುವುದೂ ಕಷ್ಟ. ಪೌರತ್ವದ ಅರ್ಜಿಯಲ್ಲೂ ಇಂಥ ತೀರ್ಪುಗಳ ಬಗ್ಗೆ ಕೇಳುತ್ತಾರೆ.

ಇದರಲ್ಲಿ ಜಾಸ್ತಿ ಸಿಕ್ಕಿಬೀಳುವವರು ಮೇಲಿಂದ ಮೇಲೆ ಮನೆ ಬದಲಿಸುವ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಬಂದವರು. ಕಾಗದಗಳೆಲ್ಲ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿರುತ್ತವೆ, ಇವರಿಗೆ ಗೊತ್ತಾಗುವುದು ತೀರ್ಪಾದ ಮೇಲೆ. ಆಗ ತೀರ್ಪು ತೆಗೆಸಲು ಹಾಕುವ ಅರ್ಜಿಗೇ ಮುನ್ನೂರು ಪೌಂಡಿಗೂ ಜಾಸ್ತಿ ಶುಲ್ಕ. ನಿಮ್ಮ ಮಕ್ಕಳು ಇಲ್ಲಿ ಕಾರು ಇಟ್ಟುಕೊಂಡಿದ್ದರೆ, ಮನೆ ಬದಲಿಸಿದ ವಾರವೇ ಕಾರಿನ ಲಾಗ್ ಬುಕ್‌ನಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ವಿಳಾಸ ಬದಲಿಸಲು ಹೇಳಿ. ಬರೀ ಲೈಸೆನ್ಸ್‌ನಲ್ಲಿ ಬದಲಿಸಿದರೆ ಸಾಲದು, ಎರಡೂ ಬೇರೆ ಬೇರೆ. ಡಿವಿಎಲ್‌ಎ ವೆಬ್‌ಸೈಟಿನಲ್ಲಿ ಎರಡನ್ನೂ ಬದಲಿಸಬಹುದು, ದುಡ್ಡು ಕೊಡಬೇಕಿಲ್ಲ.